ಉಳಿಸಿದ ಏಳು ವರ್ಷ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಿಜ. ಆದರೆ ಒಂದೇ ಹಾಸಿಗೆಯಲ್ಲಿ ಗಂಡ ಹಗಲು, ಹೆಂಡತಿ ರಾತ್ರಿ ಎಂದು ಪಾಳಿ ಹಾಕಿಕೊಂಡು ಚಾಚಿ ಎಂದು ಯಾವ ಹಿರಿಯರೂ ಹೇಳಿರಲಿಲ್ಲ. ಆ ಬುದ್ಧಿ ಇವರಿಬ್ಬರದೇ. ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಹದಿನೆಂಟು ವರ್ಷದ ಸಾಲ ಮಾಡಿ, ಅದನ್ನು ಹನ್ನೊಂದೇ ವರ್ಷದಲ್ಲಿ ತೀರಿಸಿ ಬಿಸಾಕಿದವರ ಬುದ್ಧಿ. ಆ ಕಟ್ಟಡದವರು ಇವರನ್ನು ಸೂರ್ಯ ಚಂದ್ರ ಎಂದು ಕರೆಯುತ್ತಿದ್ದರು. ಇಬ್ಬರನ್ನೂ ಒಟ್ಟಿಗೆ ಮೆಟ್ಟಿಲ ಮೇಲೆ ಕಂಡವರು ಕಡಿಮೆ.

ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ವೈದ್ಯರು ಕಳಿಸುವ ಅಚ್ಚುಗಳಿಗೆ ಗಾರೆ ಹುಯ್ಯುವುದು, ಮೇಣದಲ್ಲಿ ಒಸಡು ತಿದ್ದುವುದು, ಒಂದೊಂದೇ ಹಲ್ಲು ಕೂರಿಸುವುದು. ಊರಿನ ಅರ್ಧ ಮುದುಕರು ಅವಳ ಹಲ್ಲಿನಲ್ಲೇ ಅಗಿಯುತ್ತಿದ್ದರು. ಅವನು ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದೆ ನಿಲ್ಲುವವನು. ಒಬ್ಬಳು ಹಲ್ಲು ಮಾಡ್ತಾಳೆ, ಒಬ್ಬ ಬ್ರೆಡ್ ಮಾಡ್ತಾನೆ, ಕೂತು ತಿನ್ನೋರು ಯಾರು ಎಂದು ಅವಳ ಅಕ್ಕ ಮದುವೆಯ ದಿನವೇ ತಮಾಷೆ ಮಾಡಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಮನೆ ಕೊಂಡ ಎರಡನೇ ತಿಂಗಳು ಬ್ಯಾಂಕಿನಿಂದ ಕಂತಿನ ಪಟ್ಟಿ ಬಂತು. ಅದನ್ನು ಓದಿ ಓದಿ ಅವನು ಕೆಂಪಗಾದ. ಕೊಡುವ ಕಂತಿನಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಗಿ, ಅಸಲಿಗೆ ಸೇರುತ್ತಿದ್ದದ್ದು ಚಿಲ್ಲರೆ. ಹೀಗೇ ಹೋದರೆ ತಲೆ ಬೋಳಾದ ಮೇಲೆ ಮನೆ ನಮ್ಮದಾಗುತ್ತದೆ ಎಂದು ಗೊಣಗಿದ. ಆಮೇಲೆ ಖಾಲಿ ಹಿಟ್ಟಿನ ಚೀಲದ ಕಾಗದದ ಮೇಲೆ ಎರಡು ಸಂಜೆ ಕೂತು ಲೆಕ್ಕ ಹಾಕಿದ. ರಾತ್ರಿ ಪಾಳಿಗೆ ಹೋದರೆ ಭತ್ಯೆ ಸಿಗುತ್ತದೆ. ಅದನ್ನು ಮುಟ್ಟದೆ ತಿಂಗಳು ತಿಂಗಳೂ ಅಸಲಿಗೆ ಕಟ್ಟಬೇಕು. ಅವಳೂ ಲ್ಯಾಬಿನಲ್ಲಿ ಸಂಜೆ ಎರಡು ಗಂಟೆ ಹೆಚ್ಚು ಕೂರಬೇಕು. ಹಾಗೆ ಮಾಡಿದರೆ ಸಾಲದ ಬಾಲದಿಂದ ಏಳು ವರ್ಷ ಕತ್ತರಿಸಿ ಬೀಳುತ್ತದೆ. ಇದೆಲ್ಲ ಅವನೊಬ್ಬನದೇ ಹಠ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಲೆಕ್ಕ ನೋಡಿ ಹೆಚ್ಚು ಕುಣಿದವಳು ಅವಳೇ. ಸಾಲ ತೀರಲಿ, ಜೊತೆಗಿರುವುದು ಆಮೇಲೆ ಇದ್ದೇ ಇದೆಯಲ್ಲ ಎಂದವಳೂ ಅವಳೇ. ಇಬ್ಬರಿಗೂ ಇನ್ನೂ ಮೂವತ್ತು ದಾಟಿರಲಿಲ್ಲ. ಹನ್ನೊಂದು ವರ್ಷ ಎಂದರೆ ಎಷ್ಟು ಉದ್ದ ಎಂದು ಯಾರಿಗೆ ಗೊತ್ತಿತ್ತು?

ಅವನು ಬೆಳಿಗ್ಗೆ ಆರೂಮುಕ್ಕಾಲಿಗೆ ಬರುತ್ತಿದ್ದ, ಅವಳು ಏಳೂಕಾಲಿಗೆ ಹೊರಡುತ್ತಿದ್ದಳು. ಸಂಜೆ ಅವಳು ಬರುವುದು ಏಳೂವರೆಗೆ, ಅವನು ಹೊರಡುವುದು ಎಂಟೂಕಾಲಿಗೆ. ಅವನ ವಾರದ ರಜೆ ಮಂಗಳವಾರ, ಅವಳದು ಭಾನುವಾರ. ರಜೆಯ ರಾತ್ರಿಯೂ ಅವನಿಗೆ ನಿದ್ದೆ ಹತ್ತದೆ ಹೆಚ್ಚಾಗಿ ಇನ್ನೊಂದು ಕೋಣೆಯಲ್ಲೇ ಕೂತಿರುತ್ತಿದ್ದ. ಅವಳು ಎದ್ದ ಹಾಸಿಗೆಯ ಬಿಸಿ ಆರುವ ಮೊದಲೇ ಅವನು ಬಂದು ಬಿದ್ದುಕೊಳ್ಳುತ್ತಿದ್ದ. ಸಿಗುವ ಅರ್ಧ ಮುಕ್ಕಾಲು ಗಂಟೆಯಲ್ಲಿ ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಡಬ್ಬಿ ಕಟ್ಟಬೇಕು. ಮಾತಿಗೆ ಜಾಗ ಎಲ್ಲಿ? ಅದಕ್ಕೇ ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ತೂಗುಹಾಕಿದರು. ಹೇಳಬೇಕಾದದ್ದನ್ನು ಅದರಲ್ಲಿ ಬರೆಯುವುದು. ಮೊದಮೊದಲು ಅವನು ಬರೆದದ್ದರ ಕೆಳಗೆ ಕಣ್ಣು ಮೂಗು ಇರುವ ಒಂದು ಬ್ರೆಡ್ಡಿನ ಚಿತ್ರ ಇರುತ್ತಿತ್ತು. ಬರಬರುತ್ತಾ ಬ್ರೆಡ್ಡಿಗೆ ಮೂಗು ಹೋಯಿತು, ಆಮೇಲೆ ಕಣ್ಣು, ಕೊನೆಗೆ ಬ್ರೆಡ್ಡೇ ಹೋಯಿತು. ಹಾಲು ಇದೆ, ನಲ್ಲಿ ಸೋರುತ್ತಿದೆ, ಕರೆಂಟ್ ಬಿಲ್ ಕಟ್ಟಿದೆ, ಇಷ್ಟು ಉಳಿಯಿತು.

ನಾಲ್ಕನೇ ವರ್ಷ ಅವಳು ಬಸುರಾದಳು. ಸಾಲ ತೀರುವವರೆಗೆ ಬೇಡ ಎಂದುಕೊಂಡಿದ್ದರೂ, ನಿಂತ ಮೇಲೆ ಇಬ್ಬರಿಗೂ ಒಳಗೊಳಗೇ ಸಂತೋಷವಾಗಿತ್ತು. ಹತ್ತನೇ ವಾರದಲ್ಲಿ ಒಂದು ಮಧ್ಯಾಹ್ನ ಲ್ಯಾಬಿನಲ್ಲೇ ಹೊಟ್ಟೆ ಹಿಡಿದುಕೊಂಡಿತು. ಅಕ್ಕ ಆಸ್ಪತ್ರೆಯಿಂದ ಕರೆತಂದು ಬಾಗಿಲವರೆಗೆ ಬಿಟ್ಟು ಹೋದಾಗ ಸಂಜೆ ಐದಾಗಿತ್ತು. ಅವನು ಬಾಯಿ ತೆರೆದು ಮಲಗಿದ್ದ. ಎಬ್ಬಿಸಬೇಕು ಎಂದು ಭುಜದವರೆಗೂ ಕೈ ಹೋಯಿತು. ಆದರೆ ಅದು ತಿಂಗಳ ಕೊನೆಯ ವಾರ. ಒಂದು ರಾತ್ರಿ ತಪ್ಪಿದರೂ ಇಡೀ ತಿಂಗಳ ಹಾಜರಿ ಬೋನಸ್ಸು ಕೈತಪ್ಪುತ್ತದೆ. ಅವಳು ಅಡುಗೆಮನೆಗೆ ಹೋಗಿ, "ಮಗು ಉಳೀಲಿಲ್ಲ. ನಾನು ಚೆನ್ನಾಗಿದೀನಿ. ನೀನು ಕೆಲಸಕ್ಕೆ ಹೋಗು" ಎಂದು ಬರೆದು, ಇನ್ನೊಂದು ಕೋಣೆಯಲ್ಲಿ ಚಾಪೆ ಹಾಸಿಕೊಂಡಳು. ಆಸ್ಪತ್ರೆಯ ಮಾತ್ರೆಗೆ ಗಾಢ ನಿದ್ದೆ ಬಂತು. ಎಚ್ಚರವಾದಾಗ ಅವನು ಹೋಗಿಯಾಗಿತ್ತು. ಅವಳು ಬರೆದದ್ದರ ಕೆಳಗೆ, "ನೋಡ್ದೆ. ಏನು ಬರೀಬೇಕೋ ಗೊತ್ತಾಗ್ತಿಲ್ಲ. ಮೆತ್ತಗಿರೋ ಬ್ರೆಡ್ ಇಟ್ಟಿದೀನಿ, ತಿನ್ನು" ಎಂದಿತ್ತು. ಆ ತಿಂಗಳು ಅಸಲಿಗೆ ಒಂದು ಪೈಸೆಯೂ ಕಡಿಮೆ ಕಟ್ಟಲಿಲ್ಲ.

ಆಮೇಲೆ ಮಗುವಿನ ಮಾತು ನೋಟ್‌ಬುಕ್ಕಿನಲ್ಲಿ ಬರಲಿಲ್ಲ. ಅದರಲ್ಲಿ ಬಾರದ್ದು ಆ ಮನೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ಅವಳು ಮಾತ್ರ ಮನಸ್ಸಿನಲ್ಲಿ ಒಂದನ್ನು ಹಿಡಿದುಕೊಂಡಿದ್ದಳು. ಸಾಲ ತೀರಿದ ದಿನ ಇವನು ಹಗಲು ಪಾಳಿಗೆ ಬರುತ್ತಾನೆ, ಸಂಜೆ ಇಬ್ಬರೂ ಒಂದೇ ಮೇಜಿಗೆ ಕೂರುತ್ತೇವೆ, ಆಗ ಹಿಂದಿನದನ್ನೆಲ್ಲ ಒಂದೊಂದಾಗಿ ಹೇಳಿ ಹಗುರಾಗುತ್ತೇನೆ. ಏಳು ವರ್ಷ ಅವಳನ್ನು ಎಬ್ಬಿಸಿ ಕೆಲಸಕ್ಕೆ ಕಳಿಸಿದ್ದು ಆ ಸಂಜೆಯ ಆಸೆಯೇ ಹೊರತು ಮನೆಯ ಆಸೆಯಲ್ಲ.

ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ಮನೆಯ ಪತ್ರಗಳನ್ನು ಕೊಡುತ್ತಾ, ಏಳು ವರ್ಷ ಉಳಿಸಿದ್ದೀರಿ, ಎಲ್ಲರಿಗೂ ನಿಮ್ಮ ಹಾಗೆ ಶಿಸ್ತು ಇರುವುದಿಲ್ಲ ಎಂದು ಹೊಗಳಿದಳು. ಹಾಗಾದರೆ ಆ ಏಳು ವರ್ಷವನ್ನು ಯಾವ ಕೌಂಟರಿನಲ್ಲಿ ಕೊಡುತ್ತೀರಿ ಎಂದು ಕೇಳುವಷ್ಟು ಚುರುಕು ಆಗ ಇಬ್ಬರಿಗೂ ಇರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಬೆಳಿಗ್ಗೆ ಹನ್ನೊಂದು ಗಂಟೆ, ಅವನ ನಿದ್ದೆಯ ಹೊತ್ತು. ಎರಡನೇ ನಿಲ್ದಾಣ ಬರುವಷ್ಟರಲ್ಲಿ ತಲೆ ಕಿಟಕಿಗೆ ಬಡಿಯತೊಡಗಿತು.

ಲ್ಯಾಬಿನ ಯಜಮಾನನಿಗೆ ಒಂದು ಚಟವಿತ್ತು. ಒಂದೊಂದು ಸೆಟ್ಟು ಮುಗಿದಾಗಲೂ ಅದನ್ನು ಬೆಳಕಿಗೆ ಹಿಡಿದು, ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಿದ್ದ. ಸುದ್ದಿ ಕೇಳಿ ಅವನೂ ಖುಷಿಪಟ್ಟ. ನಿಮಗಿನ್ನೇನಮ್ಮ, ಹಲ್ಲೂ ಇದೆ, ಕಡಲೆಯೂ ಇದೆ ಎಂದ. ಅಂದಿನಿಂದ ಅವಳು ಐದು ಗಂಟೆಗೇ ಮನೆಗೆ ಹೊರಟಳು.

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಅವನಿಗೆ ಹಗಲು ಪಾಳಿ. ಮೊದಲ ಸಂಜೆ ಅವನೇ ನೋಟ್‌ಬುಕ್ಕನ್ನು ಮೊಳೆಯಿಂದ ಬಿಚ್ಚಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯವುಗಳ ಜೊತೆ ಹಾಕಿದ.

"ಇನ್ನು ಬಾಯಲ್ಲೇ ಮಾತಾಡೋಣ" ಎಂದ.

ಅವಳಿಗೆ ಕಣ್ಣು ತುಂಬಿತು. ಮೇಜಿಗೆ ಬಟ್ಟೆ ಹಾಸಿದಳು. ಇಬ್ಬರೂ ಎದುರುಬದುರು ಕೂತರು. ಕೆಲಸ ಹೇಗಿತ್ತು ಎಂದು ಅವಳು ಕೇಳಿದಳು. ಹಾಗೇ ಎಂದು ಅವನು ಹೇಳಿದ. ನಿನ್ನದು ಎಂದು ಅವನು ಕೇಳಿದ. ಅದೇ ಎಂದಳು. ಯಂತ್ರಗಳ ಸದ್ದಿನಲ್ಲಿ ಹನ್ನೊಂದು ವರ್ಷ ಕಳೆದವನು ಉಪ್ಪು ಕೊಡು ಎನ್ನುವುದನ್ನೂ ಕೂಗಿ ಹೇಳುತ್ತಿದ್ದ. ಒಂಟಿ ಮನೆಗೆ ಒಗ್ಗಿದ ಅವಳು ಪ್ರತಿ ಸಲವೂ ಬೆಚ್ಚುತ್ತಿದ್ದಳು. ಹೇಳಿ ಹಗುರಾಗಬೇಕೆಂದಿದ್ದ ಮಾತುಗಳು ಗಂಟಲವರೆಗೆ ಬಂದು, ಎದುರಿಗೆ ಕೂತವನು ಯಾರೋ ಎನ್ನಿಸಿ ಹಿಂದಕ್ಕೆ ಹೋದವು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮುಂದೂಡುವುದರಲ್ಲಿ ಇಬ್ಬರಿಗೂ ಒಳ್ಳೆಯ ಅಭ್ಯಾಸವಿತ್ತು.

ಹಾಸಿಗೆಯದು ಇನ್ನೊಂದು ಕಥೆ. ಹನ್ನೊಂದು ವರ್ಷ ನಟ್ಟನಡುವೆ ಮಲಗಿದವಳು ಈಗ ಅಂಚಿಗೆ ಸರಿಯಬೇಕು. ಅವನಿಗೋ ಕತ್ತಲಾದರೆ ಕಣ್ಣು ಅರಳುತ್ತಿತ್ತು. ಹೊರಳುತ್ತಿದ್ದ, ಎದ್ದು ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ. ಬೆಳಿಗ್ಗೆ ಇಬ್ಬರ ಮುಖವೂ ಊದಿಕೊಂಡಿರುತ್ತಿತ್ತು. ಸೂರ್ಯ ಚಂದ್ರ ಒಂದೇ ಕಡೆ ಬಂದರೆ ಗ್ರಹಣ ಕಣ್ರೀ ಎಂದು ಕೆಳಮನೆಯಾಕೆ ಮೆಟ್ಟಿಲ ಮೇಲೆ ನಕ್ಕಳು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಊಟ ಮಾಡುತ್ತಿದ್ದ ಅವನನ್ನು ಅವಳು ನೋಡುತ್ತಿದ್ದಳು. ಅವನು ಬಲಗಡೆಯೇ ಅಗಿಯುತ್ತಿದ್ದ. ಅಂಥದ್ದು ಅವಳ ಕಣ್ಣಿಗೆ ಬೀಳದೆ ಇರುವುದಿಲ್ಲ, ಅದು ಅವಳ ಕಸುಬು. ಬಾಯಿ ತೆರೆ ಎಂದಳು. ಕೆಳಗೆ ಎಡಗಡೆ ಒಂದು ದವಡೆಹಲ್ಲು ಇರಲಿಲ್ಲ. ಒಸಡು ಗಟ್ಟಿಯಾಗಿತ್ತು, ಪಕ್ಕದ ಹಲ್ಲು ಆ ಸಂದಿಗೆ ವಾಲಿತ್ತು; ಹೋಗಿ ವರ್ಷಗಳೇ ಆಗಿದ್ದವು.

"ಇದು ಯಾವಾಗ ಹೋಯ್ತು?"

"ನಾಲ್ಕು ವರ್ಷ ಆಯ್ತಲ್ಲ. ಬರೆದಿದ್ನಲ್ಲ ನಿಂಗೆ."

ಊರಿಗೆಲ್ಲ ಹಲ್ಲು ಮಾಡಿಕೊಟ್ಟವಳಿಗೆ ತನ್ನ ಗಂಡನ ಬಾಯಲ್ಲಿ ಎಷ್ಟು ಹಲ್ಲಿವೆ ಎಂದು ಗೊತ್ತಿರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿ ಎಂದು ಅವಳಿಗೆ ಆಸೆಯಾಯಿತು. ಮಾರನೆಯ ಬೆಳಿಗ್ಗೆ, ಅವನು ಹೋದ ಮೇಲೆ, ಪೆಟ್ಟಿಗೆ ಇಳಿಸಿ ಆ ವರ್ಷದ ನೋಟ್‌ಬುಕ್ಕು ಹುಡುಕಿದಳು. ಇತ್ತು. ಅವನ ಅಕ್ಷರದಲ್ಲಿ, "ಹಲ್ಲು ಕೀಳಿಸ್ದೆ. ತುಂಬಾ ನೋವು. ಪಾತ್ರೆ ತೊಳೆದಿಲ್ಲ." ಅದರ ಕೆಳಗೆ ತನ್ನದೇ ದುಂಡನೆಯ ಅಕ್ಷರದಲ್ಲಿ, "ಸರಿ. ಗ್ಯಾಸ್ ಮುಗೀತಾ ಬಂತು." ಅವಳು ನೆಲದ ಮೇಲೆ ಕೂತುಬಿಟ್ಟಳು. ಮೆತ್ತಗಿನ ಬ್ರೆಡ್ಡಿನ ಆ ಸಾಲನ್ನು ನೆನೆದು ಏಳು ವರ್ಷ ಅವನ ಮೇಲೆ ಹಲ್ಲು ಕಡಿದಿದ್ದಳು. ಅವನಾದರೂ ಬ್ರೆಡ್ ಇಟ್ಟಿದ್ದ.

ಅಂದು ಸಂಜೆ ಲ್ಯಾಬಿನಿಂದ ಅಚ್ಚು ತೆಗೆಯುವ ಪುಡಿ, ಹಲ್ಲಿನ ಸಾಲಿಗೆ ಕೂರುವ ಪುಟ್ಟ ತಟ್ಟೆ ತಂದಳು. ನಿನಗೆ ಹಲ್ಲು ಮಾಡಿಕೊಡ್ತೀನಿ ಎಂದಳು. ಬಟ್ಟಲಿನಲ್ಲಿ ನೀರು ಹಾಕಿ ಅವಳು ಪುಡಿ ಕಲಸುವುದನ್ನು ಅವನು ಬಗ್ಗಿ ನೋಡಿ, ಇನ್ನೂ ಹದ ಬಂದಿಲ್ಲ, ನಾದು ಎಂದ. ಇಬ್ಬರಿಗೂ ನಗು ಬಂತು. ಅವಳು ಅವನ ಗಲ್ಲ ಹಿಡಿದು ಕಲಸಿದ ಹಿಟ್ಟು ತುಂಬಿದ ತಟ್ಟೆಯನ್ನು ಕೆಳದವಡೆಗೆ ಒತ್ತಿದಳು. ಅವನ ಮುಖವನ್ನು ಅಷ್ಟು ಹತ್ತಿರದಿಂದ ಯಾವಾಗ ಮುಟ್ಟಿದ್ದಳೋ ನೆನಪಿಗೆ ಬರಲಿಲ್ಲ. ಹಿಟ್ಟು ಗಟ್ಟಿಯಾಗಲು ಎರಡು ನಿಮಿಷ ಬೇಕು. ಅಷ್ಟು ಹೊತ್ತು ಅವನು ಮಾತಾಡುವ ಹಾಗಿಲ್ಲ. ಅವನು ಮಾತಾಡಲಾರ ಎಂಬ ಧೈರ್ಯಕ್ಕೋ ಏನೋ, ಅವಳ ಬಾಯಿ ತೆರೆಯಿತು.

"ಆ ದಿನ ನೀನು ಹೋಗಬಾರದಿತ್ತು" ಎಂದಳು. "ನಾನು ಏನೇ ಬರೆದಿರಲಿ. ಬಂದು ನನ್ನ ಪಕ್ಕ ಕೂರಬೇಕಿತ್ತು."

ಯಾವ ದಿನ ಎಂದು ಅವನು ಕಣ್ಣಿನಲ್ಲೂ ಕೇಳಲಿಲ್ಲ. ತಟ್ಟೆ ಬಾಯಲ್ಲೇ ಇತ್ತು, ಜೊಲ್ಲು ಅವಳ ಬೆರಳ ಮೇಲೆ ಇಳಿಯುತ್ತಿತ್ತು, ಕಣ್ಣಿನ ನೀರೂ ಅದರ ಜೊತೆ ಸೇರಿತು. ಹೊತ್ತು ಮುಗಿದ ಮೇಲೆ ಅವಳು ತಟ್ಟೆ ಕಿತ್ತು ತೆಗೆದಳು. ಅವನು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ. ಬಹಳ ಹೊತ್ತು ಮುಕ್ಕಳಿಸಿದ. ಹೊರಗೆ ಬಂದು ಬಾಗಿಲ ಹತ್ತಿರವೇ ನಿಂತ.

"ಬಂದಿದ್ದೆ. ಚಾಪೆ ಹತ್ರ ಬಂದು ಅರ್ಧ ಗಂಟೆ ಕೂತಿದ್ದೆ. ನೀನು ಮಲಗಿದ್ದೆ. ಎಬ್ಬಿಸಲಿಲ್ಲ."

"ಅದನ್ಯಾಕೆ ಬರೀಲಿಲ್ಲ?"

"ಅದೆಲ್ಲ ಬರೆಯೋಕೆ ಬರಲ್ಲ ನಂಗೆ" ಎಂದ ಅವನು. ಈ ಸಲ ಕೂಗಿ ಹೇಳಲಿಲ್ಲ.

ಅವಳು ಎದ್ದು ಹೋಗಿ ಅವನನ್ನು ಹಿಡಿದುಕೊಳ್ಳಬೇಕಿತ್ತು. ಕೈಯಲ್ಲಿ ಅಚ್ಚು ಇತ್ತು, ಒಣಗಿದರೆ ಕೆಡುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿ, ಕೈ ತೊಳೆದು ಬರುವಷ್ಟರಲ್ಲಿ ಅವನು ಕೋಣೆಗೆ ಹೋಗಿ ದೀಪ ಆರಿಸಿದ್ದ.

ಆ ಹಲ್ಲಿಗೆ ಅವಳು ನಾಲ್ಕು ದಿನ ತೆಗೆದುಕೊಂಡಳು. ಅಷ್ಟು ಹೊತ್ತು ಅವಳು ಯಾರ ಹಲ್ಲಿಗೂ ಕೊಟ್ಟಿರಲಿಲ್ಲ. ವಾಲಿದ ಪಕ್ಕದ ಹಲ್ಲಿಗೆ ಹೊಂದುವಂತೆ ಉಜ್ಜಿದಳು, ಅವನು ಕುಡಿಯುವ ಕಾಫಿಯ ಕಲೆಗೆ ಹೊಂದುವ ಬಣ್ಣ ಹುಡುಕಿದಳು. ಹಲ್ಲು ಮುಗಿದ ಸಂಜೆ, ಇಂದು ಕೊಡುವಾಗ ಎಲ್ಲ ಮಾತಾಡಬೇಕು, ಅವನು ಸುಮ್ಮನಿದ್ದರೂ ಬಿಡಬಾರದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಬಂದಳು.

ಮನೆಯಲ್ಲಿ ಅಡುಗೆಮನೆಯ ಮೊಳೆಗೆ ಹೊಸ ನೋಟ್‌ಬುಕ್ಕು ತೂಗುತ್ತಿತ್ತು. ದಾರವೂ ಹೊಸದು. ಪಕ್ಕದ ಕೋಣೆಯಲ್ಲಿ ಅವನು ಎಚ್ಚರವಾಗಿಯೇ ಇದ್ದ. ಮಂಚ ಕಿರುಗುಟ್ಟುವುದು ಕೇಳುತ್ತಿತ್ತು. ಹತ್ತು ಹೆಜ್ಜೆ ದೂರ. ಅವಳು ಓದಿದಳು.

"ರಾತ್ರಿ ಪಾಳಿ ಕೇಳಿದ್ದೆ, ಕೊಟ್ಟರು. ಇವತ್ತಿಂದಲೇ. ಹಗಲು ಆಗ್ತಿಲ್ಲ ನಂಗೆ. ಬೇಜಾರು ಮಾಡ್ಕೋಬೇಡ. ಹೆಚ್ಚಿಗೆ ಬರೋ ದುಡ್ಡು ಏನು ಮಾಡೋದು ಅಂತ ಆಮೇಲೆ ಬರೀತೀನಿ."

ಅಳು ಬರಬೇಕಿತ್ತು. ಬಂತು ಕೂಡ, ಆದರೆ ಎರಡನೆಯದಾಗಿ. ಮೊದಲು ಬಂದದ್ದು ಸಮಾಧಾನ. ಇವತ್ತು ಹಾಸಿಗೆಯ ನಡುವೆ ಮಲಗಬಹುದು ಎಂದು ಮೈ ಸಡಿಲಾಯಿತು. ತನ್ನ ಮೈಗೆ ಹಾಗೆ ಆದದ್ದನ್ನು ಅವಳೇ ಕಂಡಳು, ಕಂಡು ಬೆಚ್ಚಿದಳು. ಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಅವನು ಉಸಿರು ಬಿಗಿಹಿಡಿದು ಮಲಗಿದ್ದು ಅವಳಿಗೆ ಗೊತ್ತಾಗುತ್ತಿತ್ತು. ಹೊರಗೆ ಅವಳು ನಿಂತದ್ದು ಅವನಿಗೂ ಗೊತ್ತಾಗಿರಬೇಕು.

ಆಮೇಲೆ ಅವಳು ಅಡುಗೆಮನೆಗೆ ಹಿಂದಿರುಗಿ ಪೆನ್ಸಿಲ್ಲು ತೆಗೆದುಕೊಂಡು, ಅವನು ಬರೆದದ್ದರ ಕೆಳಗೆ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು.

"ಸರಿ. ಹಲ್ಲು ಮೇಜಿನ ಮೇಲಿದೆ."