ಏಳನೆಯ ಆಯ್ಕೆ

ಎಮಿಲ್ ಝುಪಾನ್ ಮೈಕಿನ ಮೂತಿಗೆ ಬೆರಳಿನಿಂದ ಎರಡು ಸಲ ತಟ್ಟಿದ. ಮೈಕು ಟಕ್ ಟಕ್ ಎಂದು ಜವಾಬು ಕೊಟ್ಟಿತು. ಅದಕ್ಕೇನೂ ಕಾಯಿಲೆಯಿರಲಿಲ್ಲ. ಅವನು ಕೋಟಿನ ಗುಂಡಿ ಹಾಕಿಕೊಂಡು, ಎದೆ ಸೆಟೆಸಿ, "ಮಹನೀಯರೇ, ಮಹಿಳೆಯರೇ" ಎಂದ. ಭವನದ ನಾಲ್ಕು ಮೂಲೆಗಳ ಸ್ಪೀಕರುಗಳಿಂದ ಹೊರಬಿದ್ದದ್ದು ಯಾರೋ ಜರಡಿಯಲ್ಲಿ ಮರಳು ಆಡಿಸಿದಂಥ ಸದ್ದು.

ಬಾರಿನ ಹಿಂದೆ ಲೋಟ ಒರೆಸುತ್ತಿದ್ದ ಜೋನಿ ತಲೆಯೆತ್ತಿದಳು. "ವೈರ್ ಲೂಸಾಗಿರಬೇಕು ರೀ ಎಮಿಲ್," ಎಂದು ಬಂದು, ಸ್ಪೀಕರಿನ ಬೆನ್ನಿಗಿದ್ದ ತಿರುಪನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ಮೊದಲಿದ್ದಲ್ಲಿಗೇ ತಂದು ಬಿಟ್ಟಳು. "ಈಗ ನೋಡಿ."

ಎಮಿಲ್ ನೋಡಲಿಲ್ಲ. ಲೂಸಾಗಿದ್ದ ವೈರು ಎಲ್ಲಿಯದು ಎಂಬುದು ಅವನಿಗೆ ಗೊತ್ತಿತ್ತು. ನವೆಂಬರಿನಲ್ಲಿ ಡಾಕ್ಟರು ಅವನ ಗಂಟಲಿನಿಂದ ಅವರೆಕಾಳಿನಷ್ಟು ದೊಡ್ಡ ಗಂಟೊಂದನ್ನು ಕತ್ತರಿಸಿ ತೆಗೆದಾಗ, ಧ್ವನಿಯ ಅರ್ಧ ತಂತಿಯೂ ಅದರ ಜೊತೆಗೇ ಬಂದಿತ್ತು. ಜೀವಕ್ಕೆ ಅಪಾಯವಿಲ್ಲ, ಮಾತಾಡುವುದಕ್ಕೆ ಇಷ್ಟು ಸಾಕು ಎಂದರು ಡಾಕ್ಟರು. ಪಾಪ, ಈ ಮನುಷ್ಯ ಧ್ವನಿಯನ್ನು ಬರೀ ಮಾತಾಡುವುದಕ್ಕೆ ಎಂದೂ ಬಳಸಿದವನಲ್ಲ ಎಂಬುದು ಅವರಿಗೆ ಹೇಗೆ ತಿಳಿಯಬೇಕು.

ಮೂವತ್ತೊಂದು ವರ್ಷ ಎಮಿಲ್ ಸಿಟಿ ಬಸ್ಸು ಓಡಿಸಿದ್ದ. ಮುಂದಿನ ಸ್ಟಾಪಿನ ಹೆಸರನ್ನು ಒಂದು ದಿನ ಮೇಯರನ ಧ್ವನಿಯಲ್ಲಿ ಕೂಗಿದರೆ, ಇನ್ನೊಂದು ದಿನ ಹವಾಮಾನ ಹೇಳುವ ಹೆಂಗಸಿನ ಧ್ವನಿಯಲ್ಲಿ. ಭಾನುವಾರ ಪಾದ್ರಿಗಳ ಧ್ವನಿ. ಅವತ್ತು ಇಳಿಯುವವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಇಳಿಯುತ್ತಿದ್ದರು. ಅವನನ್ನು ಕೇಳುತ್ತಾ ಕೂತು ತಮ್ಮ ಸ್ಟಾಪು ತಪ್ಪಿಸಿಕೊಂಡವರಿಗೆ ಲೆಕ್ಕವಿಲ್ಲ. ಆದರೆ ಆ ಎಲ್ಲ ಧ್ವನಿಗಳಿಗೂ ಮುಕುಟಮಣಿಯಂತಿದ್ದದ್ದು ಫುಟ್‌ಬಾಲ್ ಲೀಗಿನ ಅಧ್ಯಕ್ಷನದು. ಅದನ್ನು ಅವನು ವರ್ಷಕ್ಕೊಂದೇ ಸಲ, ಊರಿನ ವಲಸಿಗರ ಈ ಸ್ಲೊವೇನಿಯನ್ ಭವನದಲ್ಲಿ, ಇದೇ ಮೈಕಿನ ಮುಂದೆ ಹೊರಗೆ ತೆಗೆಯುತ್ತಿದ್ದ.

ಏಪ್ರಿಲಿನ ಕೊನೆಯ ಗುರುವಾರ ದೇಶದ ಮೂವತ್ತೆರಡು ಅಮೆರಿಕನ್ ಫುಟ್‌ಬಾಲ್ ತಂಡಗಳು, ಚೆಂಡನ್ನು ಕೈಯಲ್ಲಿ ಎಸೆದು ಆಡುವಂಥವು, ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ಹೆಸರುಗಳನ್ನು ಲೀಗಿನ ಅಧ್ಯಕ್ಷ ವೇದಿಕೆಯಿಂದ ಓದಿ ಹೇಳುತ್ತಾನೆ. ಹಿಂದಿನ ವರ್ಷ ಯಾರು ಅತಿ ಹೆಚ್ಚು ಸೋತರೋ ಅವರಿಗೆ ಮೊದಲ ಸರದಿ. ಹೀಗಾಗಿ ಈರಿ ಸರೋವರದ ದಂಡೆಯ ಈ ಊರಿನವರಿಗೆ ಸಾಲಿನಲ್ಲಿ ಹಿಂದೆ ನಿಂತು ಅಭ್ಯಾಸವೇ ಇಲ್ಲ. ಈ ಸಲ ಏಳನೆಯ ಆಯ್ಕೆ ಎಂದಾಗ, ಪರವಾಗಿಲ್ಲ ಸುಧಾರಿಸಿದ್ದೇವೆ ಎಂದು ಕೆಲವರು ಕೊರಗಿದರು. ತಂಡ ಚಳಿಗಾಲವಿಡೀ ಸೋಲುತ್ತಿತ್ತು. ಊರು ಗೆಲ್ಲುತ್ತಿದ್ದದ್ದು ಏಪ್ರಿಲಿನಲ್ಲಿ ಮಾತ್ರ, ಅದೂ ಬಾಯಲ್ಲಿ.

ಆ ಗುರುವಾರಕ್ಕೆ ಮುಂಚಿನ ಭಾನುವಾರ, ಚರ್ಚಿನ ಪೂಜೆ ಮುಗಿಸಿ ಬಂದವರಿಗೆ ಭವನದಲ್ಲಿ ಸಾಸೇಜು ಮತ್ತು ಹುಳಿ ಕೋಸಿನ ಊಟ. ಊಟಕ್ಕೆ ಮುಂಚೆ ಸಮಿತಿ ಕೋಟು ತೂಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ತಂಡ ಯಾರನ್ನು ಆರಿಸಬೇಕು ಎಂದು ತೀರ್ಮಾನಿಸಿ ಬಿಳಿಯ ಕಾರ್ಡಿನ ಮೇಲೆ ಹೆಸರು ಬರೆಯುತ್ತಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಸಮಿತಿಯ ಮಾತು ನಿಜವಾದದ್ದು ಒಂದೇ ಸಲ. ಆ ಹುಡುಗ ಮೂರೇ ವರ್ಷಕ್ಕೆ ಆಟ ಬಿಟ್ಟು ವಿಮೆ ಮಾರಲು ಹೋದ. ಕಾರ್ಡನ್ನು ಓದುವವನು ಎಮಿಲ್. ಓದುವವನಿಗೆ ಮತವಿಲ್ಲ. ಅಂಪೈರು ಬ್ಯಾಟು ಹಿಡಿಯುವ ಹಾಗಿಲ್ಲ ಎಂದು ಮೊದಲ ವರ್ಷವೇ ಕಟ್ಟಳೆಯಾಗಿತ್ತು. ಇನ್ನೂ ಒಂದು ಕಟ್ಟಳೆಯಿತ್ತು, ಅದನ್ನು ಯಾರೂ ಬರೆದಿರಲಿಲ್ಲ. ನಿಜವಾದ ಅಧ್ಯಕ್ಷ ವೇದಿಕೆಗೆ ಬಂದರೆ ದೇಶದ ಜನ ಹೇಗೆ ಬೂ ಎಂದು ಕೂಗುತ್ತಾರೋ, ಹಾಗೇ ಎಮಿಲ್ ಮೈಕಿನ ಮುಂದೆ ಬಂದೊಡನೆ ಭವನದ ಎಂಬತ್ತು ಮಂದಿಯೂ ಬೂ ಎಂದು ಬೊಬ್ಬೆ ಹೊಡೆಯಬೇಕು. ಅಜ್ಜಿಯರು ತಟ್ಟೆಗೆ ಚಮಚ ಬಡಿಯುತ್ತಿದ್ದರು. ಆ ಬೂ ಕಿವಿಗೆ ಬಿದ್ದ ಮೇಲೇ ಎಮಿಲ್‌ಗೆ ಚಳಿಗಾಲ ಮುಗಿದ ಹಾಗೆ.

ಪೂಜೆ ಬಿಟ್ಟಿತು. ಮೊದಲು ಒಳಬಂದ ಏಳೆಂಟು ಮಂದಿ ಮೈಕಿನ ಬಳಿ ನಿಂತಿದ್ದ ಎಮಿಲ್‌ನನ್ನು ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಆಸ್ಪತ್ರೆಯಿಂದ ಬಂದವರಿಗೆ ತಟ್ಟುವ ಚಪ್ಪಾಳೆ, ಅಂಗೈಗೆ ನೋವಾಗದ ಹಾಗೆ. ಎಂಬತ್ತು ದಾಟಿದ ಟುರ್ಕ್ ಅಜ್ಜಿ ಬಂದು ಅವನ ಕೆನ್ನೆ ಸವರಿ, "ಚೆನ್ನಾಗಿ ಕಾಣ್ತಿದೀಯಪ್ಪ, ಚೆನ್ನಾಗಿ ಕಾಣ್ತಿದೀಯ," ಎಂದು ಎರಡು ಸಲ ಹೇಳಿದಳು. ಹೋದ ವರ್ಷ ಇದೇ ಅಜ್ಜಿ ಇವನ ಮೇಲೆ ಬ್ರೆಡ್ಡಿನ ಚೂರು ಎಸೆದಿದ್ದಳು.

ಎಮಿಲ್ ಕತ್ತಿನ ಮಫ್ಲರನ್ನು ಸರಿಮಾಡಿಕೊಂಡು ಕೋಟಿನ ಕೋಣೆಗೆ ಹೋದ.

ಅಲ್ಲಿ ಸಮಿತಿ ಆಗಲೇ ಕಾದಿತ್ತು, ಎಂದರೆ ಕುದಿಯುತ್ತಿತ್ತು. ಸಮಿತಿಯಲ್ಲಿ ಈಗ ಉಳಿದವರು ಇಬ್ಬರು. ಮೂರನೆಯವನಾದ ಫ್ರ್ಯಾಂಕ್ ಕ್ರಿಸ್ಮಸ್ಸಿಗೆ ಫ್ಲಾರಿಡಾದ ಮಗಳ ಮನೆಗೆ ಹೋದವನು ಅಲ್ಲಿಯ ಬಿಸಿಲಿಗೆ ಅಂಟಿಕೊಂಡುಬಿಟ್ಟಿದ್ದ. ಉಳಿದವರಲ್ಲಿ ರೂಡಿ ಹ್ಲಾವಿನ್ ನಲ್ಲಿ ರಿಪೇರಿಯವನು. ಒರೆಸ್ಟ್ ಬೊಯ್ಚುಕ್ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತನಾದವನು. ಒರೆಸ್ಟನ ಮಂಡಿಯ ಮೇಲೆ ಕಾಗದದ ಕಟ್ಟಿತ್ತು. ರೂಡಿಯ ಮಂಡಿಯ ಮೇಲೆ ಸಿಹಿರೊಟ್ಟಿಯ ತುಂಡಿತ್ತು.

"ಬಾ, ಎಮಿಲ್. ಇವನಿಗೆ ನೀನಾದ್ರೂ ಬುದ್ಧಿ ಹೇಳು," ಎಂದ ರೂಡಿ. "ಪೈಪು ಒಡೆದಿದೆ, ನಲ್ಲಿ ಬದಲಾಯಿಸು ಅಂತಾನೆ. ನಮ್ಮ ಎಸೆಯೋನು, ಆ ಕ್ವಾರ್ಟರ್‌ಬ್ಯಾಕು, ಚೆನ್ನಾಗೇ ಎಸೀತಾನೆ ಕಣೋ. ಎಸೆಯೋಕೆ ಎರಡು ಸೆಕೆಂಡು ಬಿಟ್ರೆ ತಾನೆ? ಚೆಂಡು ಕೈಗೆ ಬರೋ ಮುಂಚೆ ನಾಲ್ಕು ಜನ ಮೈಮೇಲೆ ಬಿದ್ದಿರ್ತಾರೆ. ಅವನ ಎಡಗಡೆ ಒಂದು ಗೋಡೆ ಕಟ್ಟಿ. ಟುಪೋಲಾನ ತಗೊಳ್ಳಿ. ಮುನ್ನೂರ ಮೂವತ್ತು ಪೌಂಡು. ಆ ಹುಡುಗ ನಿಂತ ಕಡೆ ನೆರಳು ಬೀಳುತ್ತೆ."

"ನಿನ್ನ ನಲ್ಲಿಗೆ ಮೂವತ್ತೆಂಟು ವರ್ಷ, ಭುಜಕ್ಕೆ ಆಪರೇಷನ್ ಬೇರೆ ಆಗಿದೆ," ಎಂದ ಒರೆಸ್ಟ್, ಕಾಗದ ತಿರುವಿ. "ಹೋದ ವರ್ಷ ದೂರಕ್ಕೆ ಎಸೆದದ್ದರಲ್ಲಿ ನೂರಕ್ಕೆ ಇಪ್ಪತ್ತೊಂಬತ್ತು ಕೈ ಸೇರಿದೆ. ಇಪ್ಪತ್ತೊಂಬತ್ತು ತಗೊಂಡ ಹುಡುಗನ್ನ ನಾನು ಅದೇ ಕ್ಲಾಸಲ್ಲಿ ಕೂರಿಸ್ತಿದ್ದೆ. ಆ ಕಾಲೇಜು ಹುಡುಗ ಮಾರ್ಷ್‌ಬ್ಯಾಂಕ್‌ನ ನೋಡು. ಅರವತ್ತೆಂಟು."

"ಮಾರ್ಷ್‌ಬ್ಯಾಂಕ್‌ನ ಅಂಗೈ ಎಂಟೂಮುಕ್ಕಾಲು ಇಂಚು."

"ಅಂಗೈದೇನು ಮಾತು?"

"ಅಂಗೈದೇ ಮಾತು. ಡಿಸೆಂಬರಲ್ಲಿ ಸರೋವರದ ಗಾಳಿ ಬೀಸುವಾಗ ಆ ಕೈಲಿ ಫುಟ್‌ಬಾಲ್ ಅಲ್ಲ, ಕೋಳಿಮೊಟ್ಟೆ ಕೂಡ ನಿಲ್ಲಲ್ಲ."

ಒರೆಸ್ಟ್ ಜೇಬಿನಿಂದ ಅಡಿಪಟ್ಟಿ ತೆಗೆದ. ಮೇಷ್ಟ್ರ ಜೇಬು, ಕೆಲಸ ಬಿಟ್ಟರೂ ಅಡಿಪಟ್ಟಿ ಬಿಟ್ಟಿರಲಿಲ್ಲ. "ಎಲ್ಲಿ, ನಿನ್ನದು ಇಡು."

ರೂಡಿ ಸಿಹಿರೊಟ್ಟಿಯನ್ನು ಬಾಯಿಗೆ ತುರುಕಿ ಅಂಗೈ ಹರಡಿದ. ಎಂಟೂವರೆ.

"ನಾನೇನು ಎಸೆಯೋಕೆ ಹೊರಟಿಲ್ಲವಲ್ಲ," ಎಂದ ರೂಡಿ, ತುಂಬಿದ ಬಾಯಲ್ಲಿ.

"ನಲವತ್ತು ವರ್ಷದಿಂದ ದೊಡ್ಡ ದೊಡ್ಡ ಪೈಪು ಹಿಡಿದಿದ್ದೀಯ. ಜಾರಿತಾ?" ಒರೆಸ್ಟ್ ಗೆದ್ದವನ ಹಾಗೆ ಅಡಿಪಟ್ಟಿ ಒಳಗಿಟ್ಟ. "ಕೇಳು. ಮುದುಕನ ಮೇಲೆ ನನಗೂ ಪ್ರೀತಿ ಇದೆ. ಆದರೆ ಕತ್ತರಿ ಬಿದ್ದ ಮೇಲೆ ಯಾವುದೂ ಮೊದಲಿನ ಹಾಗೆ ಆಗಲ್ಲ. ಹೋದದ್ದು ಹೋಯ್ತು. ಗೌರವವಾಗಿ ಒಂದು ಕಡೆ ಕೂರಿಸಿ, ಜಾಗಕ್ಕೆ ಬೇರೆಯೋರನ್ನ..."

ಒರೆಸ್ಟ್ ಅಲ್ಲಿಗೇ ನಿಂತ. ತೂಗುಹಾಕಿದ್ದ ಕೋಟುಗಳ ನಡುವೆ ಯಾರದೋ ಕೀಗೊಂಚಲು ಸಣ್ಣಗೆ ಕಿಣಿಗುಟ್ಟಿತು. ರೂಡಿ ಅಗಿಯುವುದನ್ನು ನಿಲ್ಲಿಸಿದ್ದ.

"ಭುಜದ ವಿಷಯ ಹೇಳ್ತಿದಾನೆ ಇವನು," ಎಂದ ರೂಡಿ.

"ಭುಜದ್ದೇ," ಎಂದ ಒರೆಸ್ಟ್.

ಎಮಿಲ್‌ಗೆ ನಗು ಬಂತು. ಈಗ ಅವನ ನಗುವಿಗೆ ಸದ್ದಿರಲಿಲ್ಲ, ಹೆಗಲು ಮಾತ್ರ ಕುಲುಕುತ್ತಿತ್ತು. ಆಮೇಲೆ ಇಬ್ಬರ ಕಡೆಗೂ ಬಾಗಿ ಪಿಸುಮಾತಿನಲ್ಲಿ, "ಹಾಗಾದ್ರೆ ಈ ಸಲ ಮೈಕಿಗೆ ಯಾರು?" ಎಂದ.

"ಯಾರು ಅಂದ್ರೆ? ನೀನೇ," ಎಂದ ರೂಡಿ ತಟ್ಟನೆ. "ನೀನು ಯೋಚನೆ ಮಾಡಬೇಡ. ನಾನು ಎಲ್ಲರಿಗೂ ಹೇಳಿಟ್ಟಿದ್ದೀನಿ. ಪೂಜೆಗೆ ಬರೋವಾಗಲೇ ಚರ್ಚಿನ ಮೆಟ್ಟಿಲ ಮೇಲೆ ಒಬ್ಬೊಬ್ಬರನ್ನೂ ಹಿಡಿದು ಹೇಳಿದೆ. ಎಮಿಲ್ ಬಂದಾಗ ಯಾರೂ ಬೂ ಅನ್ನಬೇಡಿ, ಗಲಾಟೆಯಲ್ಲಿ ಪಾಪ ಅವನ ಮಾತು ಕೇಳಿಸಲ್ಲ, ಚೆನ್ನಾಗಿ ಚಪ್ಪಾಳೆ ಹೊಡೆದು ಸುಮ್ಮನಿರಿ ಅಂತ."

ಒಳ್ಳೆಯ ಕೆಲಸ ಮಾಡಿದವನ ಮುಖ ರೂಡಿಯದು. ಗಲ್ಲಕ್ಕೆ ಸಕ್ಕರೆ ಪುಡಿ ಅಂಟಿತ್ತು.  ನಾಲ್ಕು ತಿಂಗಳಿಂದ ಎಮಿಲ್ ಮನೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರ ಓಡುವಾಗ, ಆಯ್ಕೆ ಸಾರುವ ಆ ಒಂದು ವಾಕ್ಯವನ್ನು ಅಭ್ಯಾಸ ಮಾಡಿದ್ದ. ಮಾತು ಒಡೆದರೂ ಪರವಾಗಿಲ್ಲ, ಬೂ ಎಂಬ ಗದ್ದಲದಲ್ಲಿ ಅರ್ಧ ಮುಚ್ಚಿಹೋಗುತ್ತದೆ ಎಂದು ಧೈರ್ಯ ಮಾಡಿಕೊಂಡಿದ್ದ. ಎಂಬತ್ತು ಮಂದಿ ಕೈಮುಗಿದು ಕೂತ ಹಾಗೆ ಕೂತು, ತನ್ನ ಮರಳನ್ನು ಕಾಳು ಕಾಳಾಗಿ ಕೇಳಿಸಿಕೊಳ್ಳುವುದು ಅವನ ಲೆಕ್ಕದಲ್ಲಿರಲಿಲ್ಲ.

"ನಾನು ಓದಲ್ಲ," ಎಂದ.

"ಲೋ, ಎಮಿಲ್..."

"ಓದೋನಿಗೆ ಮತ ಇಲ್ಲ. ಓದಲ್ಲ ಅಂದ್ರೆ ಇದೆ." ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ನಿನ್ನದು ಒಂದು, ಇವನದು ಒಂದು. ಇನ್ನೆಷ್ಟು ಹೊತ್ತು ಅಂಗೈ ಅಳೀತೀರಿ? ಕಾರ್ಡು ಕೊಡಿ."

ಇಪ್ಪತ್ತೆರಡು ವರ್ಷ ಎಮಿಲ್ ಬೇರೆಯವರ ತೀರ್ಮಾನ ಓದಿದ್ದ. ಬಿಳಿಯ ಕಾರ್ಡು ಖಾಲಿ ಇದ್ದಾಗ ಇಷ್ಟು ದೊಡ್ಡದಾಗಿ ಕಾಣುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಟುಪೋಲಾ ಒಳ್ಳೆಯ ಹುಡುಗ. ಎಸೆಯುವ ಮುದುಕನಿಗೆ ಇನ್ನೊಂದು ವರ್ಷ ದಕ್ಕೀತು. ಎಮಿಲ್ ಪೆನ್ನಿನ ಮುಚ್ಚಳ ತೆಗೆದ. ಅವನ ಕೆಲಸದ ಕೊನೆಯ ಎರಡು ವಾರ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ದಾರಿ ಕಲಿಯಲು ಬಸ್ಸಿನಲ್ಲಿ ಅವನ ಪಕ್ಕ ನಿಂತು ಬಂದಿದ್ದಳು. ಯಾವ ತಿರುವಿನಲ್ಲಿ ಮಂಜು ಗಟ್ಟಿಯಾಗುತ್ತದೆ, ಯಾವ ಮುದುಕಿಗೆ ಮೆಟ್ಟಿಲು ತಗ್ಗಿಸಬೇಕು, ಎಲ್ಲ ಹೇಳಿಕೊಟ್ಟಿದ್ದ. ಮೊದಲ ದಿನ ಅವಳ ಮೇಲೆ ಅವನಿಗೆ ಕೆಟ್ಟ ಸಿಟ್ಟಿತ್ತು. ಹದಿನಾಲ್ಕನೆಯ ದಿನ ಇರಲಿಲ್ಲ.

ಅವನು ಬರೆದ ಹೆಸರನ್ನು ರೂಡಿ ತಲೆಕೆಳಗಾಗಿ ಓದಿದ.

"ಎಂಟೂಮುಕ್ಕಾಲು ಇಂಚು," ಎಂದು ನರಳಿದ. "ದೇವರು ನಿನ್ನನ್ನ ಕಾಪಾಡಲಿ."

ಎಮಿಲ್ ಕಾರ್ಡನ್ನು ತಂದು ಬಾರಿನ ಮೇಲೆ, ಜೋನಿಯ ಒರೆಸುವ ಬಟ್ಟೆಯ ಪಕ್ಕ ಇಟ್ಟ. ಮೈಕಿನ ಕಡೆ ಬೆರಳು ತೋರಿಸಿದ.

"ನಾನಾ? ನಾನು ಬಿಯರ್ ಬಗ್ಗಿಸೋಳು ರೀ."

"ಇಪ್ಪತ್ತೆರಡು ವರ್ಷ ಬಗ್ಗಿಸ್ತಾ ಕೇಳಿಲ್ವಾ? ಅಧ್ಯಕ್ಷನ ಥರ ಹೇಳಿದ್ರೆ ಆಯ್ತು ಕಣಮ್ಮ."

ಜೋನಿ ಕಾರ್ಡನ್ನು ನೋಡಿದಳು, ಅವನನ್ನು ನೋಡಿದಳು. "ನಾನು ಆ ಮನುಷ್ಯನ್ನ ಒಂದು ಸಲಾನೂ ಕೇಳಿಲ್ಲ. ಗುರುವಾರ ಸಂಜೆ ನನಗೆಲ್ಲಿ ಟೀವಿ? ಶುಕ್ರವಾರದ ಮೀನೂಟಕ್ಕೆ ಆಲೂಗಡ್ಡೆ ಸುಲೀತಿರ್ತೀನಿ." ಏಪ್ರನ್ ಬಿಚ್ಚಿ ಬಾರಿನ ಮೇಲೆ ಹಾಕಿದಳು. "ಕೋಟು ಕೊಡಿ ಇಲ್ಲಿ."

ಎಮಿಲ್ ತನ್ನ ನೀಲಿ ಕೋಟು ಬಿಚ್ಚಿ ಕೊಟ್ಟ. ಅವಳಿಗೆ ಅದು ಮಂಡಿಯವರೆಗೆ ಬಂತು. ರೂಡಿ ಅವನನ್ನು ಮೊದಲ ಸಾಲಿನ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿ, ಮುಂದೆ ಕಾಫಿ ಇಟ್ಟ.

ಜೋನಿ ಮೈಕಿನ ಮುಂದೆ ನಿಂತಾಗ ಜನಕ್ಕೆ ಏನು ಮಾಡಬೇಕೆಂದು ತೋಚಲಿಲ್ಲ. ಅರ್ಧ ಚಪ್ಪಾಳೆ ಎದ್ದು ಅಲ್ಲೇ ಕೂತಿತು. ಜೋನಿ ಅವಸರ ಮಾಡಲಿಲ್ಲ. ಎಡಗೈಯ ತೋಳಂಚನ್ನು ಎಳೆದುಕೊಂಡಳು, ಬಲಗೈಯದನ್ನು ಎಳೆದುಕೊಂಡಳು. ಗಡಿಯಾರವಿಲ್ಲದ ಮಣಿಕಟ್ಟನ್ನು ನೋಡಿ, ತಡವಾಯಿತು ಎನ್ನುವಂತೆ ಹುಬ್ಬು ಏರಿಸಿದಳು. ಒಂದು ಸಣ್ಣ ಕೆಮ್ಮು.

"ಮಹನೀಯರೇ, ಮಹಿಳೆಯರೇ. ಹಿಂದಕ್ಕೆ ಸರೀರಿ, ಬಾಗಿಲ ಹತ್ರ ಜಾಗ ಬಿಡಿ."

ಭವನ ಹೋ ಎಂದು ನಕ್ಕಿತು. ಎಮಿಲ್ ರೂಡಿಯ ಕಡೆ ತಿರುಗಿದ.

"ನಾನು ಹಾಗಂತಿದ್ನಾ?"

"ಪ್ರತಿ ವರ್ಷ," ಎಂದ ರೂಡಿ. "ನಿನಗೆ ಗೊತ್ತಿರಲಿಲ್ವಾ?"

ಎಮಿಲ್ ಆಗಲೇ ಜೋನಿಯ ಕಡೆ ತಿರುಗಿದ್ದ. ಮೈಕಿನಿಂದ ಬರುತ್ತಿದ್ದದ್ದನ್ನು ಕೇಳಿಸಿಕೊಳ್ಳುತ್ತಿದ್ದ. "ಏಳನೆಯ ಆಯ್ಕೆ" ಎನ್ನುವಾಗ ಕೊನೆಯ ಅಕ್ಷರವನ್ನು ಅವಳು ಬಸ್ಸು ಸ್ಟಾಪಿಗೆ ಬಂದು ನಿಲ್ಲುವಷ್ಟು ಹೊತ್ತು ಎಳೆದಳು. ಹೆಸರು ಹೇಳುವ ಮುಂಚೆ ಕೊಂಚ ಎಡಕ್ಕೆ, ಕನ್ನಡಿ ನೋಡುವ ಚಾಲಕನಂತೆ, ಕತ್ತು ಹೊರಳಿಸಿದಳು. ಮೇಯರು, ಪಾದ್ರಿ, ಹವಾಮಾನದ ಹೆಂಗಸು, ಎಲ್ಲರ ನಡೆನುಡಿಯನ್ನೂ ಅವನು ಕಂಡ ಕೂಡಲೇ ಹಿಡಿಯುತ್ತಿದ್ದ. ಈ ಮನುಷ್ಯನನ್ನು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"...ಕೀಗನ್ ಮಾರ್ಷ್‌ಬ್ಯಾಂಕ್, ಕ್ವಾರ್ಟರ್‌ಬ್ಯಾಕ್."

ಮೇಜುಗಳ ನಡುವೆ ಗುಸುಗುಸು ಹರಿಯಿತು. "ಆ ಪುಟ್ಟ ಕೈಯೋನಾ?" ಎಂದಿತು ಹಿಂದಿನ ಸಾಲು. "ಯಾವ ಪುಣ್ಯಾತ್ಮನ ಮತ ಅದು?" ಎಂದಿತು ಇನ್ನೊಂದು ದನಿ.

ಜೋನಿ ಮತ್ತೆ ತೋಳಂಚು ಎಳೆದುಕೊಂಡಳು. "ಎರಡಕ್ಕೆ ಒಂದು. ಕೊನೇ ಮತ ಎಮಿಲ್ ಝುಪಾನ್ ಅವರದು."

ಎಂಬತ್ತು ತಲೆಗಳು ಮೊದಲ ಮೇಜಿನ ಕಡೆ ತಿರುಗಿದವು. ರೂಡಿ ಎರಡೂ ಕೈಯೆತ್ತಿ, ಬೇಡ ಬೇಡ ಎಂದು ಜನರನ್ನು ತಡೆಯಲು ಎದ್ದ. ಅಷ್ಟರಲ್ಲಿ ಟುರ್ಕ್ ಅಜ್ಜಿ ಬಾಯಿಯ ಸುತ್ತ ಅಂಗೈ ಕೂಡಿಸಿಕೊಂಡಿದ್ದಳು. ಅವಳ ಬೂ ತೆಳ್ಳಗೆ, ದೂರದ ರೈಲಿನ ಹಾಗೆ ಹೊರಟಿತು. ಅದರ ಹಿಂದೆ ಅವಳ ಮೇಜು, ಅದರ ಹಿಂದಿನ ಮೇಜು, ಆಮೇಲೆ ಚಮಚಗಳು. ರೂಡಿ ಎತ್ತಿದ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದಿದ್ದು, ಸೋತ ಸಂಕಟವೆಲ್ಲ ನೆನಪಾಗಿ, ಎಮಿಲ್‌ನ ಕಿವಿಯ ಪಕ್ಕದಲ್ಲೇ ಎಲ್ಲರಿಗಿಂತ ದೊಡ್ಡದಾಗಿ ಕೂಗತೊಡಗಿದ. ಸಾಸೇಜಿನ ತಟ್ಟೆಗಳು ಮೇಜಿನ ಮೇಲೆ ಕುಣಿದವು.

ಎಮಿಲ್ ಎದ್ದು ನಿಂತ. ಕೋಟಿರಲಿಲ್ಲ, ಅಂಗಿಯ ತೋಳಂಚನ್ನೇ ಒಂದೊಂದಾಗಿ ಎಳೆದುಕೊಂಡ. ಬೂ ಇನ್ನೂ ಏರಿತು. ಅವನೂ ಬಾಯಿ ದುಂಡಗೆ ಮಾಡಿ ಅವರ ಜೊತೆ ಸೇರಿದ. ಬಂದದ್ದು ಬರೀ ಗಾಳಿ. ಮುಂದಿದ್ದ ಕಾಫಿಯ ಹಬೆ ಅದಕ್ಕೆ ಒಂದಿಷ್ಟು ಬಾಗಿ, ಅವನ ಉಸಿರು ಮುಗಿಯುವವರೆಗೂ ಹಾಗೇ ಬಾಗಿದ್ದು, ಮತ್ತೆ ನೆಟ್ಟಗಾಯಿತು.