ಶುಕ್ರವಾರದವರೆಗೆ ಕಟ್ಟಿದ ಬಾಗಿಲು

ನಾನು ಒಂದು ಬೋನು. ಇಲಿ ಹಿಡಿಯುವ ಬೋನೆಂದು ತಿಳಿದು ಮೂಗು ಮುರಿಯಬೇಡಿ. ಕಡಲ ತಳದಲ್ಲಿ ಕೂತು ಲಾಬ್‌ಸ್ಟರ್ ಹಿಡಿಯುವವನು ನಾನು. ಹುಟ್ಟಿದ್ದು ದೋಣಿಗಳು ಬಂದು ನಿಲ್ಲುವ ದಕ್ಕೆಯ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ. ಕಬ್ಬಿಣದ ಸರಳುಗಳನ್ನು ಬಗ್ಗಿಸಿ ಬೆಸೆದಾಗ ನನಗೆ ಎಲುಬು ಬಂತು. ಮೈತುಂಬ ಬಲೆ ಹೆಣೆದವಳು ಯಮುನಾ, ನನ್ನ ಯಜಮಾನ ದುರ್ಗಯ್ಯ ಮೊಗೇರನ ಮಗಳು. ಹೆಣೆಯುತ್ತ ಹೆಣೆಯುತ್ತ ಅವಳು ಅಪ್ಪನನ್ನು ಬೈಯುತ್ತಿದ್ದಳು, ಅಪ್ಪ ನಗುತ್ತಿದ್ದ. ಅಷ್ಟು ಮುದ್ದಿನಲ್ಲಿ ಹುಟ್ಟಿದ ವಸ್ತು ನಾನು.

ನನ್ನ ಕೆಲಸದಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಹೊಟ್ಟೆಯೊಳಗೆ ಉಪ್ಪು ಹಾಕಿದ ತಾರ್ಲೆ ಮೀನಿನ ತಲೆ ಇಡುತ್ತಾರೆ, ಕಲ್ಲು ಕಟ್ಟುತ್ತಾರೆ, ಬಂಡೆಯ ಬುಡಕ್ಕೆ ಇಳಿಸುತ್ತಾರೆ. ನಾನೆಲ್ಲಿದ್ದೇನೆಂದು ತಿಳಿಯಲು ಹಗ್ಗದ ಮೇಲ್ತುದಿಗೆ ಒಂದು ಬೆಂಡು ತೇಲಿಬಿಡುತ್ತಾರೆ. ಲಾಬ್‌ಸ್ಟರ್ ಉದ್ದ ಮೀಸೆ ಆಡಿಸುತ್ತ ಒಳಗೆ ಬರುತ್ತದೆ. ಬರುವ ದಾರಿ ಸಲೀಸು, ಹೋಗುವ ದಾರಿ ಅದಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಮೇಲೆತ್ತಿ ಪಕ್ಕದ ಪುಟ್ಟ ಬಾಗಿಲಿನಿಂದ ಹೊರತೆಗೆಯುತ್ತಾರೆ. ಆ ಬಾಗಿಲನ್ನು ದುರ್ಗಯ್ಯ ಹತ್ತಿಯ ನೂಲಿನಿಂದಲೇ ಕಟ್ಟುತ್ತಿದ್ದ. ಬೋನು ಎಲ್ಲಾದರೂ ಕಳೆದುಹೋದರೆ ನೂಲು ಕೊಳೆತು ಬಾಗಿಲು ತಾನೇ ಬಿಡಲಿ, ಒಳಗಿನ ಜೀವ ಹೊರಗೆ ಹೋಗಲಿ ಎಂದು.

ಅವನ ಮೊಣಕಾಲು ಸೋತ ಮೇಲೆ ನಾನು ಅಳಿಯ ಜಟ್ಟಪ್ಪನ ಕೈಗೆ ಬಂದೆ. ಜಟ್ಟಪ್ಪ ಕೆಟ್ಟವನಲ್ಲ. ಹೆಂಡತಿಯೆಂದರೆ ಪ್ರಾಣ. ಯಮುನಾಗೆ ಎರಡು ಸಲ ಬಸುರು ನಿಂತು ಇಳಿದುಹೋಗಿತ್ತು. ಮೂರನೆಯದು ಏಳು ತಿಂಗಳು ದಾಟಿದಾಗ ಅವನು ಹೆದರಿ ಹೆದರಿ ನಡೆಯುತ್ತಿದ್ದ, ಬಸುರಿ ತಾನೇ ಎಂಬಂತೆ.

ಈ ದಕ್ಕೆಯವರಲ್ಲಿ ಒಂದು ಪದ್ಧತಿಯಿದೆ. ಹೊಟ್ಟೆಯಡಿಗೆ ಮೊಟ್ಟೆ ಕಟ್ಟಿಕೊಂಡ ಲಾಬ್‌ಸ್ಟರ್ ಸಿಕ್ಕರೆ ಮಾರುವುದಿಲ್ಲ. ಮನೆಯಲ್ಲಿ ಬಸುರಿ ಹೆಂಗಸಿದ್ದರೆ ಅವಳೇ ದಕ್ಕೆಯ ಕೊನೆಯ ಮೆಟ್ಟಿಲಿಗೆ ಇಳಿದು, ಚಿಪ್ಪಿಗೆ ಅರಿಶಿನ ಹಚ್ಚಿ, "ನೀ ಸಲೀಸಾಗಿ ಹೆರು, ನಾನೂ ಸಲೀಸಾಗಿ ಹೆರ್ತೆ" ಎಂದು ನೀರಿಗೆ ಬಿಡಬೇಕು.

ಅಂಥದ್ದೊಂದು ಬಸುರಿ ಲಾಬ್‌ಸ್ಟರ್ ಒಂದು ಬುಧವಾರ ನನ್ನೊಳಗೆ ಸಿಕ್ಕಿತು. ಹೊಟ್ಟೆಯಡಿ ಕಿತ್ತಳೆ ಬಣ್ಣದ ಮೊಟ್ಟೆಗಳು ಒತ್ತೊತ್ತಾಗಿ ತುಂಬಿದ್ದವು. ಜಟ್ಟಪ್ಪ ದೋಣಿಯಲ್ಲೇ ಕೈಮುಗಿದ. ದಕ್ಕೆಗೆ ಬಂದು ಮಾವನಿಗೆ ತೋರಿಸಿದ.

"ಇವತ್ತೇ ಬಿಡ್ಸು ಮಾರಾಯಾ," ಅಂದ ದುರ್ಗಯ್ಯ. "ಬಸುರೀನ ಕಾಯ್ಸೂಕಾಗ್ದು."

"ನಾಡಿದ್ದು ಶುಕ್ರವಾರ ಅಲ್ದಾ ಮಾವ? ಒಳ್ಳೇ ದಿನ. ಎರಡು ಸಲ ಕಳ್ಕಂಡಾಯ್ತು. ಈ ಸಲ ಎಲ್ಲ ಸರಿಯಾಗೇ ಮಾಡ್ತೆ."

ಬಕೆಟ್ಟಿನಲ್ಲಿಟ್ಟರೆ ಸತ್ತೀತೆಂದು ಅವಳನ್ನು ನನ್ನೊಳಗೇ ಬಿಟ್ಟು, ದಕ್ಕೆಯ ಆಚೆಗಿನ ಬಂಡೆಯ ಬಳಿ ಇಳಿಸಲು ಹೊರಟ. ನೂಲು ಬಿಚ್ಚಿ ಅವಳು ಓಡಿಹೋದರೆ? ಹಾಗೆಂದು ಬಾಗಿಲಿಗೆ ನೈಲಾನ್ ಹುರಿ ಸುತ್ತಿ ಬಿಗಿಯಾಗಿ ಗಂಟು ಹಾಕಿದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ಗುರುವಾರ ದೊಡ್ಡ ಬಲೆ ಎಳೆಯುವ ಯಾವುದೋ ಟ್ರಾಲ್ ಬೋಟು ನನ್ನ ಹಗ್ಗದ ಮೇಲೆ ಹಾದುಹೋಯಿತು. ಬೆಂಡು ಕತ್ತರಿಸಿಕೊಂಡು ತೇಲಿಹೋಯಿತು. ನಾನು ಎಳೆದಾಡಿಸಿಕೊಂಡು ಎರಡು ಬಂಡೆಗಳ ಸಂದಿಗೆ ಬಿದ್ದೆ.

ಶುಕ್ರವಾರ ಮೇಲೆ ಜಟ್ಟಪ್ಪನ ದೋಣಿಯ ಸದ್ದು ಕೇಳಿತು. ಹಗ್ಗಕ್ಕೆ ಕಟ್ಟಿದ ಕೊಕ್ಕೆಯೊಂದು ಕೆಳಗಿಳಿದು ಮರಳನ್ನು ಗೀರುತ್ತ ಬಂತು. ಇನ್ನೊಂದು ಗೇಣು, ಇನ್ನೊಂದೇ ಗೇಣು ಎಂದು ನಾನು ಕಾದೆ. ಕೊಕ್ಕೆ ಬಂಡೆಗೆ ತಾಗಿ ಆಚೆ ಹೊರಳಿತು. ಮರುದಿನವೂ ಬಂದ, ಅದರ ಮರುದಿನವೂ ಬಂದ. ಇಲ್ಲಿದ್ದೇನೆ ಎಂದು ಕೂಗಲು ನನ್ನಿಂದಾಗಲಿಲ್ಲ. ಒಳಗಿನವಳು ಮೀಸೆಯಿಂದ ಬಾಗಿಲು ತಡವುತ್ತಿದ್ದಳು. ನನ್ನದೇ ಬಾಗಿಲು, ನನಗೇ ತೆಗೆಯಲಾಗದು. ಬೇರೆ ಬೋನುಗಳು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲವಂತೆ. ನಾನು ಹಚ್ಚಿಕೊಂಡೆ.

ತಿನ್ನಲು ಏನೂ ಉಳಿದಿರಲಿಲ್ಲ. ಆದರೂ ಅವಳು ಬಾಲದಡಿಯ ಪುಟ್ಟ ರೆಕ್ಕೆಗಳನ್ನು ಬೀಸುತ್ತ ಮೊಟ್ಟೆಗಳಿಗೆ ನೀರು ಆಡಿಸುತ್ತಲೇ ಇದ್ದಳು. ಕಿತ್ತಳೆ ಬಣ್ಣ ಕಂದು ಬಣ್ಣವಾಯಿತು. ಒಂದು ದಿನ ಅವಳು ಕಾಲುಗಳನ್ನು ಊರಿ ಎತ್ತರಕ್ಕೆ ನಿಂತು ಬಾಲವನ್ನು ಜೋರಾಗಿ ಬೀಸಿದಳು. ನನ್ನ ಒಳಗೆಲ್ಲ ಗಾಜಿನ ಚೂರಿನಂಥ ಮರಿಗಳು ತುಂಬಿದವು. ಎಷ್ಟೆಂದು ಎಣಿಸಲಿ! ಅವು ಯಮುನಾ ಹೆಣೆದ ಬಲೆಯ ಕಣ್ಣುಗಳಿಂದ ನುಸುಳಿ ನುಸುಳಿ ಬೆಳಕಿನ ಕಡೆಗೆ ಏರಿ ಹೋದವು. ಒಂದನ್ನೂ ನಾನು ತಡೆಯಲಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿಲ್ಲ.

ತಾಯಿ ಮಾತ್ರ ಒಳಗೇ ಉಳಿದಳು. ಕೆಲವು ದಿನ ಮೀಸೆ ಆಡಿತು, ಆಮೇಲೆ ಆಡಲಿಲ್ಲ. ಚಿಕ್ಕ ಏಡಿಗಳು ಬಂದು ಅವಳನ್ನು ತಿಂದು ಹೋದವು. ಚಿಪ್ಪು ಉಳಿಯಿತು.

ನೀರು ತಿಳಿಯಾದ ಒಂದು ಬೆಳಿಗ್ಗೆ ಜಟ್ಟಪ್ಪನ ಕೊಕ್ಕೆ ಕೊನೆಗೂ ನನಗೆ ಸಿಕ್ಕಿಕೊಂಡಿತು. ದಕ್ಕೆಯ ಮೇಲೆ ನನ್ನನ್ನಿಟ್ಟು ಗಂಟು ಬಿಚ್ಚಲು ನೋಡಿದ. ಬಿಚ್ಚಲಿಲ್ಲ, ಕೊಯ್ದ. ಚಿಪ್ಪು ಕಂಡವನೇ ಅದನ್ನು ಕಡಲಿಗೆ ಎಸೆಯಲು ಕೈಯೆತ್ತಿದ. ಅಷ್ಟರಲ್ಲಿ ಅಪ್ಪನ ಕೈಹಿಡಿದುಕೊಂಡು ಯಮುನಾ ಬಂದಳು. ತುಂಬಿದ ದಿನ, ಕಾಲೆಲ್ಲ ಊದಿತ್ತು.

"ಎಂತ ಅದು?"

"ಎಂತಾ ಇಲ್ವೇ. ಬರೀ ಚಿಪ್ಪು. ನೀ ಎಂತಕ್ಕೆ ಬಂದೆ ಬಿಸ್ಲಲ್ಲಿ?"

"ಕೊಡಿ ಇಲ್ಲಿ."

ಅವಳು ಚಿಪ್ಪನ್ನು ತಿರುಗಿಸಿ ಬಾಲದಡಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

"ಮೊಟ್ಟೆನೂ ಕೊಳ್ತು ಹೋಯ್ತಾ?"

ಜಟ್ಟಪ್ಪನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ದುರ್ಗಯ್ಯ ಮಾತ್ರ, "ಕಡಲ ಜೀವ ಬೇರೆ, ಮನೆ ಜೀವ ಬೇರೆ ಮಗಾ. ಹೆದರೂಕಾಗ್ದು," ಅಂದ. ಆದರೆ ಅವನ ದನಿಯಲ್ಲೇ ಹೆದರಿಕೆ ಇತ್ತು.

ಇವತ್ತು ಬೆಳಿಗ್ಗೆ ಯಮುನಾಗೆ ನೋವು ಶುರುವಾಯಿತು. ದಕ್ಕೆಯ ಬಳಿ ಆಟೋ ಬಂತು. ನಾನು ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿಕೊಂಡಿದ್ದೇನೆ. ಮತ್ತೆ ಕಡಲಿಗಿಳಿಸಲು ಜಟ್ಟಪ್ಪನಿಗೆ ಮನಸ್ಸಿಲ್ಲ, ಎಸೆಯಲೂ ಧೈರ್ಯವಿಲ್ಲ. ಆಟೋ ಹತ್ತುವ ಮುಂಚೆ ಯಮುನಾ ನನ್ನ ಕಡೆ ತಿರುಗಿ ನೋಡಿದಳು. ಸಾವನ್ನು ಕಂಡವರ ಹಾಗೆ ಅವಳ ಮುಖ ಬಿಳಿಚಿಕೊಂಡಿತ್ತು.

ಯಮುನಾ, ನನ್ನೊಳಗಿದ್ದ ಆ ತಾಯಿ ಹೆತ್ತಳು, ಸಲೀಸಾಗಿ ಹೆತ್ತಳು, ಮರಿಗಳೆಲ್ಲ ನಿನ್ನ ಬಲೆಯಿಂದಲೇ ದಾಟಿ ಹೋದವು, ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟನ್ನು ಅವಳಿಗೆ ಹೇಳಬೇಕಿತ್ತು. ಆಟೋ ಹೊರಟುಹೋಯಿತು.