ಮೇಜಿಗೆ ಬಿಗಿಸಿದ ಸ್ಕ್ರೂ

ಬಡಗಿಯಾಗಿದ್ದ ಅಪ್ಪ ತೀರಿಕೊಂಡು ವಾರ ಕಳೆದಿರಲಿಲ್ಲ, ಅತ್ತಿಗೆ ಟೆಂಪೋ ತರಿಸಿ ತೇಗದ ಊಟದ ಮೇಜನ್ನು ತನ್ನ ಮನೆಗೆ ಸಾಗಿಸಿಬಿಟ್ಟಳು. ಅದೂ ಮಗಳು ಕೆಲಸಕ್ಕೆ ಹೋಗಿದ್ದ ಹೊತ್ತು ನೋಡಿ! ಆ ಮೇಜನ್ನು ಅಪ್ಪ ಮಗಳಿಗೆಂದೇ ಮಾಡಿದ್ದ. ಹಲಗೆ ನುಣುಪಾಗಲೆಂದು ಅಪ್ಪ ರಂದಾ ಹೊಡೆಯುವಾಗ ಅದರ ಇನ್ನೊಂದು ತುದಿ ಹಿಡಿದು ನಿಂತವಳೂ ಅವಳೇ. ಅಣ್ಣನನ್ನು ಕೇಳಿದರೆ ಕಿವುಡನ ಹಾಗೆ ಕೂತ. ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಬೀಳದೆ ಇರುತ್ತದೆಯೇ?

ಮಳೆಗಾಲದಲ್ಲಿ ಅತ್ತಿಗೆಯ ಫೋನು ಬಂತು. ಮೇಜಿನ ಆರೈಕೆ ಹೇಗೆ ಮಾಡಬೇಕು ಎಂದು, ನಾಚಿಕೆಯಿಲ್ಲದೆ ಇವಳನ್ನೇ ಕೇಳಿದಳು. ಮೇಲಿನ ಹಲಗೆ ಸ್ವಲ್ಪ ಅಲುಗಾಡುತ್ತದಂತೆ. ಅಲುಗಾಡಲೇಬೇಕು. ಗಟ್ಟಿ ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೇ ಅಪ್ಪ ಹಲಗೆಯನ್ನು ಬಿಗಿಯದೆ, ಅಡಿಯಿಂದ ಮರದ ತುಂಡುಗಳು ಸಡಿಲವಾಗಿ ಹಿಡಿದುಕೊಳ್ಳುವಂತೆ ಮಾಡಿದ್ದ.

"ನಾಲ್ಕೂ ಕಡೆ ಉದ್ದನೆ ಸ್ಕ್ರೂ ಹಾಕಿಸಿ, ಅಲುಗಾಡದ ಹಾಗೆ ಬಿಗಿ ಮಾಡಿಸಿ ಅತ್ತಿಗೆ," ಎಂದಳು, ಬೆಣ್ಣೆಯಂಥ ದನಿಯಲ್ಲಿ. "ಬಿಸಿಲು ಬೀಳೋ ಕಿಟಕಿ ಹತ್ತಿರ ಇಡಿ."

ಜೇನುಮೇಣ ಸವರಬೇಕಾ ಎಂದು ಅತ್ತಿಗೆ ಕೇಳಿದ್ದಕ್ಕೆ ಅದೆಲ್ಲ ದಂಡ ಎಂದಳು. ಎಷ್ಟೋ ತಿಂಗಳ ಮೇಲೆ ಆ ದಿನ ಹೊಟ್ಟೆ ತುಂಬ ಉಂಡಳು.

ಬೇಸಿಗೆಯಲ್ಲಿ ಅಣ್ಣನ ಮನೆಗೆ ನೆಂಟರು ಬಂದಾಗ, ಕಣ್ಣಾರೆ ನೋಡಿ ಬರೋಣವೆಂದು ಹೋದಳು. ಹಲಗೆ ಈ ತುದಿಯಿಂದ ಆ ತುದಿಗೆ ಸೀಳಿತ್ತು, ಬೆರಳು ತೂರುವಷ್ಟು. ಹಾಲು ಕುಡಿದಷ್ಟು ಸಂತೋಷವಾಯಿತು ಇವಳಿಗೆ. ಇನ್ನು ಅತ್ತಿಗೆ ಅಳಬೇಕು, ಅದನ್ನೂ ನೋಡಬೇಕು ಎಂದು ಕಾದಳು.

ಅತ್ತಿಗೆ ಎಲ್ಲಿ ಅಳುತ್ತಾಳೆ! ಬಂದವರಿಗೆಲ್ಲ ಬಿರುಕು ತೋರಿಸಿ, ಮಾವನವರ ಕೆಲಸವೇ ಇಷ್ಟು, ಹಸಿ ಮರ ಹಾಕಿ ಕೈತೊಳೆದುಕೊಂಡರು ಎಂದು ನಗಾಡುತ್ತಿದ್ದಳು. ಅಪ್ಪನ ಕೈಯಲ್ಲೇ ಮನೆಯ ಬಾಗಿಲೆಲ್ಲ ಮಾಡಿಸಿಕೊಂಡಿದ್ದ ದೊಡ್ಡಪ್ಪನೂ ಹೌದೆಂದು ತಲೆಯಾಡಿಸಿದರು. ನಲವತ್ತು ವರ್ಷ ಒಂದು ಕೀಲೂ ಸಡಿಲಾಗದಂತೆ ದುಡಿದವನ ಹೆಸರು ಒಂದೇ ಮಧ್ಯಾಹ್ನಕ್ಕೆ ಮಣ್ಣುಪಾಲಾಗುತ್ತಿತ್ತು. ತಾನು ಸುಮ್ಮನಿದ್ದರೆ ಸೇಡು ತೀರಿತು, ಅಪ್ಪನ ಹೆಸರೂ ತೀರಿತು.

"ಅಪ್ಪನ ತಪ್ಪಲ್ಲ," ಎಂದಳು. "ಸೀಳಿ ಹೋಗಲಿ ಅಂತಾನೇ ನಾನು ಸ್ಕ್ರೂ ಹಾಕಿಸೋಕೆ ಹೇಳಿದ್ದು."

ಅತ್ತಿಗೆಯ ಮುಖ ಕಪ್ಪಿಟ್ಟಿತು. ಅವಳು ಬೈದರೆ ಹತ್ತಕ್ಕೆ ಇಪ್ಪತ್ತು ತಿರುಗಿಸಿ ಕೊಡಲು ಇವಳೂ ತಯಾರಾಗಿ ನಿಂತಳು. ಆದರೆ ಮಾತಾಡಿದವರು ದೊಡ್ಡಪ್ಪ.

"ಅವನು ನಿನಗೋಸ್ಕರ ಮಾಡಿದ್ದನ್ನ ನೀನೇ ಸೀಳಿಸಿದೆಯಲ್ಲಮ್ಮ."

ಇವಳು ಅತ್ತಿಗೆಯ ಎದುರಿಗೇ, ಬಿರುಕಿನ ಮೇಲೆ ಎರಡೂ ಕೈಯಿಟ್ಟು ಗೊಳೋ ಎಂದು ಅತ್ತುಬಿಟ್ಟಳು.